ಎರ್ರಿ ಮಾತು

ಮರಿಬಸಪ್ಪ ಮೇಷ್ಟ್ರು ನನ್ನ ಮಾತು ಕದ್ದಿದ್ದಾರೆ ಎಂದು ನನಗೆ ಗೊತ್ತಾದದ್ದು ಒಂದು ಮಂಗಳವಾರ ಬೆಳಿಗ್ಗೆ, ಅವರ ಪ್ರೂಫಿನ ಇನ್ನೂರ ಹದಿನಾಲ್ಕನೇ ಪುಟದಲ್ಲಿ. ಅದಕ್ಕೆ ಮೊದಲೂ ಅವರ ಮೇಲೆ ನನಗೆ ಅನುಮಾನ ಇತ್ತು. ಓದಿದವರು ಯಾರೇ ಬಂದರೂ ಇರುತ್ತದೆ. ಸುಮ್ಮಸುಮ್ಮನೆ ಅಲ್ಲ.

ಸಿರುಗುಪ್ಪದಲ್ಲಿ ಒಂಬತ್ತನೇ ಕ್ಲಾಸಿನಲ್ಲಿದ್ದಾಗ, ಗಣಿತದ ಗೈಡಿನಲ್ಲಿ ಒಂದು ಉತ್ತರ ತಪ್ಪು ಅಚ್ಚಾಗಿದೆ ಎಂದು ಎದ್ದು ನಿಂತು ಹೇಳಿದ್ದೆ. ಗಣಿತದ ಮೇಷ್ಟ್ರು ಕಪಾಳಕ್ಕೆ ಒಂದು ಬಿಟ್ಟರು. ಮರುದಿನ ಅದೇ ಮೇಷ್ಟ್ರು ಪಕ್ಕದ ಸೆಕ್ಷನ್ನಿನಲ್ಲಿ, "ನೋಡ್ರಲೇ, ಅಚ್ಚಿನವರ ತಪ್ಪು ನಾನು ಹಿಡಿದೀನಿ" ಎಂದು ಬೋರ್ಡಿನ ಮೇಲೆ ಬರೆದು ತೋರಿಸಿದರಂತೆ. ಆ ವರ್ಷವೇ ಸಾಲಿ ಬಿಟ್ಟೆ. ಮನೆಯಲ್ಲಿ ಬೇರೆ ಕಾರಣ ಹೇಳಿದೆ. ನಿಜವಾದ ಕಾರಣ ಆ 'ನಾನು' ಎಂಬ ಶಬ್ದ. ಹೊಡೆತವನ್ನು ಮರೆತಿದ್ದೇನೆ, ಆ ಶಬ್ದವನ್ನು ಮರೆತಿಲ್ಲ.

ಈಗ ಏಳು ವರ್ಷದಿಂದ ಬಳ್ಳಾರಿಯ ಕೌಲ್ ಬಜಾರಿನಲ್ಲಿ ಚಂದ್ರಣ್ಣನ ಡಿಟಿಪಿ ಅಂಗಡಿಯಲ್ಲಿ ಕೂತು ಟೈಪ್ ಮಾಡುತ್ತೇನೆ. ಮದುವೆ ಕಾರ್ಡು, ತಿಥಿ ಕಾರ್ಡು, ಬಾಡಿಗೆ ಕರಾರು, ಎಲೆಕ್ಷನ್ ಬಂದರೆ ಕರಪತ್ರ. ಅಲ್ಲಿ ಎಲ್ಲರೂ ನನ್ನನ್ನು ಸ್ವಾಮಿ ಅನ್ನುತ್ತಾರೆ. ಅಂಥ ಅಂಗಡಿಗೆ ಮರಿಬಸಪ್ಪ ಮೇಷ್ಟ್ರು ಆಟೋದಿಂದ ಒಂದು ತಗಡಿನ ಟ್ರಂಕು ಇಳಿಸಿಕೊಂಡು ಬಂದರು. ಕಾಲೇಜಿನಲ್ಲಿ ತತ್ವಶಾಸ್ತ್ರ ಕಲಿಸಿ ನಿವೃತ್ತರಾದವರು. ಕಂಟೋನ್ಮೆಂಟಿನಲ್ಲಿ ಮಗಳ ಮನೆ, ಕುರುಗೋಡಿನಲ್ಲಿ ತಮ್ಮ ಮನೆ, ಎರಡರ ನಡುವೆ ಓಡಾಡಿಕೊಂಡಿದ್ದವರು. ಟ್ರಂಕಿನ ತುಂಬ ಹನ್ನೊಂದು ವರ್ಷ ಬರೆದ ಹಾಳೆಗಳು.

"ಯಹೂದಿಗಳೊಳಗ ಪಂಡಿತರು ಇರ್ತಾರಲ್ಲ, ರಬ್ಬಿಗಳು ಅಂತ," ಎಂದರು ಮೇಷ್ಟ್ರು. "ಅವರು ಸಾವಿರದೈನೂರು ವರ್ಷದ ಹಿಂದ ಹೆಂಗ ವಾದ ಮಾಡಿದ್ರು, ಈಗಿನ ಯಹೂದಿ ವಿದ್ವಾಂಸರು ಆ ವಾದನ ಹೆಂಗ ಓದ್ತಾರ, ಅದರ ಮ್ಯಾಲ ಪುಸ್ತಕ."

"ಬಳ್ಳಾರಿಯಾಗ ಯಹೂದಿಗಳು ಎಲ್ಲಿ ಅದಾರ್ರಿ ಸಾರ್?" ಎಂದ ಚಂದ್ರಣ್ಣ.

"ಯಹೂದಿಗಳು ಇಲ್ಲಪ. ವಾದ ಮಾಡೋರು ಅದಾರಲ್ಲ."

ಹಿಂದಿನ ಕೋಣೆಯಲ್ಲಿ ಬೈಂಡಿಂಗ್ ಮಾಡುವ ಮಾಬುಸಾಬ್ ತಲೆ ಹೊರಗೆ ಹಾಕಿದ. "ರಬ್ಬಿ ಅಂದ್ರ ಏನ್ರಿ? ನಾವು ದುವಾದಾಗ ಯಾ ರಬ್ಬಿ ಅಂತೀವಿ."

"ಎರಡೂ ಒಂದ ಮನಿ ಮಾತು ಸಾಹೇಬ್ರ. ನೀವು ದೇವರಿಗೆ ಅಂತೀರಿ, ಅವರು ಗುರುವಿಗೆ ಅಂತಾರ."

"ಹಂಗಾದ್ರ ಬೈಂಡಿಂಗ್ ಗಟ್ಟಿ ಮಾಡ್ತೀನಿ ಬಿಡ್ರಿ," ಎಂದು ಮಾಬುಸಾಬ್ ಒಳಗೆ ಹೋದ.

ಕೆಲಸ ನನ್ನ ಪಾಲಿಗೆ ಬಂತು. ಮಾಮೂಲಿ ಪುಟ ಅಲ್ಲ. ನಡುವೆ ರಬ್ಬಿಗಳ ವಾದ, ಬಲಕ್ಕೆ ಸಣ್ಣ ಕಾಲಮ್ಮಿನಲ್ಲಿ ಆ ಮಾತು ಯಾರದ್ದು ಎಂಬ ಹೆಸರು, ಎಡಕ್ಕೆ ಈಗಿನ ವಿದ್ವಾಂಸರ ಟೀಕೆ. ಅವರ ದೊಡ್ಡ ಗ್ರಂಥಗಳು ಹೀಗೇ ಇರುತ್ತವಂತೆ, ನಡುವೆ ಮೂಲ, ಸುತ್ತ ಮಾತಾಡುವವರು. ಒಂದು ಸಾಲು ಕೂಡಿಸಿದರೆ ಮೂರು ಕಡೆ ಅಲುಗುತ್ತಿತ್ತು. ಬಯ್ದುಕೊಂಡೇ ಮಾಡಿದೆ.

ನನ್ನ ಮೊದಲ ಅನುಮಾನ, ಇದೆಲ್ಲ ಇಂಗ್ಲಿಷ್ ಪುಸ್ತಕಗಳಿಂದ ಇಳಿಸಿದ್ದು. ಮೂರನೇ ದಿನ ಕೇಳಿಯೇ ಬಿಟ್ಟೆ.

"ಹೌದು, ಇಳಿಸೀನಿ," ಎಂದರು ಮೇಷ್ಟ್ರು ಕಣ್ಣು ಮಿಟುಕಿಸದೆ. "ಯಾರಿಂದ ಇಳಿಸೀನಿ ಅಂತ ಪಕ್ಕದಾಗ ಬರದೀನಿ, ನೋಡು. ರಬ್ಬಿಗಳೊಳಗ ಅದ ಮೊದಲ ಮರ್ಯಾದಿ. ಇಂಥಾವ ಇಂಥಾವನ ಹೆಸರಿಲೆ ಹೇಳಿದ, ಅವ ಮತ್ತೊಬ್ಬನ ಹೆಸರಿಲೆ ಹೇಳಿದ, ಹಿಂಗ ಸರಪಳಿ ಹೇಳಿಕೊಂಡ ಮಾತು ಶುರು ಮಾಡ್ತಾರ."

"ಸೋತಾವನ ಮಾತನ್ನೂ ಬರದಾರಲ್ರಿ. ಸೋತ ಮ್ಯಾಲ ಅದು ಯಾಕ ಬೇಕು?"

"ಮುಂದ ಎಂದಾದ್ರೂ ಒಬ್ಬ ನ್ಯಾಯ ಹೇಳೋನಿಗೆ ಅದ ಸರಿ ಅನ್ನಿಸಬಹುದು. ಆಗ ಅವನಿಗೆ ಒಂದು ಆಸರ ಬೇಕಲ್ಲ."

ಹೀಗೆ ಕೇಳಲು ಚೆನ್ನಾಗಿರುವುದನ್ನು ಹೇಳುವವರನ್ನು ಕಂಡರೆ ನನಗೆ ಇನ್ನಷ್ಟು ಅನುಮಾನ. ಆದರೂ ಓದುತ್ತ ಹೋದೆ. ಟೈಪ್ ಮಾಡುವವನಷ್ಟು ನಿಧಾನವಾಗಿ ಬೇರೆ ಯಾರೂ ಓದುವುದಿಲ್ಲ. ಒಂದೊಂದು ಅಕ್ಷರ ಒತ್ತಬೇಕಲ್ಲ.

ಮಾತು ಬಂದದ್ದು ಗೋಡೆಯ ಅಧ್ಯಾಯದಲ್ಲಿ. ಇಬ್ಬರ ಅಂಗಳದ ನಡುವಿನ ಗೋಡೆ ಬಿದ್ದರೆ ಕಲ್ಲು ಯಾರಿಗೆ ಸೇರಬೇಕು ಎಂಬ ವಾದ. ಅಲ್ಲಿ ಒಬ್ಬ ರಬ್ಬಿಯ ಬಾಯಲ್ಲಿ ಒಂದು ಉದ್ದನೆಯ ಸಾಲು ಇತ್ತು. ನನ್ನ ಬೆರಳು ಅಲ್ಲಿ ಎಡವಿತು. ಮೇಷ್ಟ್ರು ಪಕ್ಕದ ಸ್ಟೂಲಿನ ಮೇಲೆ ಕೂತು ಚಹಾ ಕುಡಿಯುತ್ತಿದ್ದರು.

"ಸಾರ್, ಇದು ಆ ರಬ್ಬಿ ಮಾತಲ್ಲ."

"ಯಾಕ?"

"ಆತ ನಾಕು ಶಬ್ದದಾಗ ಮಾತು ಮುಗಸ್ತಾನ. ಪುಸ್ತಕದ ತುಂಬ ಹಂಗ ಅದಾನ. ಇದೊಂದು ಸಾಲು ಮಾತ್ರ ಯಾರೂ ಕೇಳದ ಪ್ರಶ್ನಿಗೆ ಉತ್ತರ ಕೊಟ್ಟಂಗ ಐತಿ. ಇದು ಯಾರೋ ಓದೋನು ತನಗ ತಿಳೀಲಿ ಅಂತ ಪಕ್ಕದಾಗ ಬರಕೊಂಡಿದ್ದು. ಮುಂದ ನಕಲು ಮಾಡಿದಾವ ಒಳಗ ಸೇರಿಸಿಬಿಟ್ಟಾನ."

"ನಿನಗೆಂಗ ಗೊತ್ತು?"

"ನಮ್ಮ ಅಂಗಡಿಯಾಗ ಆಗೈತಲ್ರಿ. ಒಬ್ಬರು ಮದುವಿ ಕಾರ್ಡಿನ ಹಾಳಿ ಪಕ್ಕದಾಗ 'ದೊಡ್ಡಪ್ಪನ ಹೆಸರು ಮ್ಯಾಲ ಇರಲಿ, ಇಲ್ಲಾಂದ್ರ ಸಿಟ್ಟಾಗ್ತಾನ' ಅಂತ ಬರದಿದ್ರು. ನನಗಿಂತ ಮೊದಲಿದ್ದಾವ ಅದನ್ನೂ ಸೇರಿಸಿ ಟೈಪ್ ಮಾಡಿ ಐನೂರು ಕಾರ್ಡು ಹೊಡಿಸಿಬಿಟ್ಟ. ದೊಡ್ಡಪ್ಪ ಮದುವಿಗೆ ಬರಲೇ ಇಲ್ಲ."

ಚಂದ್ರಣ್ಣ ಆ ಕಡೆಯಿಂದ, "ಅದನ್ನ ಎಲ್ಲರ ಮುಂದ ಹೇಳಬ್ಯಾಡಲೇ," ಎಂದ.

ಮೇಷ್ಟ್ರು ನಗಲಿಲ್ಲ. ಕನ್ನಡಕ ತೆಗೆದರು. "ಇನ್ನೊಮ್ಮೆ ಹೇಳು," ಎಂದರು. ಹೇಳಿದೆ. ಈಗಿನ ಯಹೂದಿ ವಿದ್ವಾಂಸರಲ್ಲಿ ಒಂದು ಪಂಥದವರ ಕೆಲಸವೇ ಇದಂತೆ. ಹೆಸರಿರುವ ಹಳಬರ ಮಾತನ್ನೂ, ಅವನ್ನು ಹೊಲಿದು ಕೂಡಿಸಿದ ಹೆಸರಿಲ್ಲದ ನಂತರದವರ ಮಾತನ್ನೂ ಪದರ ಪದರ ಬಿಡಿಸಿ ತೋರಿಸುವುದು. ಇನ್ನೊಂದು ಪಂಥದವರು, ಬಿಡಿಸಬೇಡಿ, ಹೊಲಿದವನೂ ದಡ್ಡನಲ್ಲ, ಇಡಿಯಾಗಿ ಓದಿ ಎನ್ನುತ್ತಾರಂತೆ. "ಆದ್ರ ಈ ಸಾಲಿನ ಬಗ್ಗೆ ಹಿಂಗಂತ ಹೇಳಿದ್ದು ನಾ ಓದಿದ್ರಾಗ ಎಲ್ಲೂ ಇಲ್ಲ," ಎಂದರು. ಜೇಬಿನಿಂದ ಒಂದು ಚೀಟಿ ತೆಗೆದು ಏನೋ ಬರೆದುಕೊಂಡರು. ಮಡಿಸಿ ಒಳಜೇಬಿಗೆ ಇಟ್ಟರು.

ಆ ಒಳಜೇಬು ನನಗೆ ಸರಿ ಬರಲಿಲ್ಲ.

ಮುಂದೆ ಎಂಟು ದಿನ ಮೇಷ್ಟ್ರ ಪತ್ತೆ ಇಲ್ಲ. ಪ್ರೂಫು ತಿದ್ದಲು ಕುರುಗೋಡಿಗೆ ಹೋಗಿದ್ದಾರೆ, ಮಗಳ ಮನೆಯಲ್ಲಿ ಮಕ್ಕಳ ಗದ್ದಲ ಎಂದು ಚಂದ್ರಣ್ಣ ಹೇಳಿದ. ಗದ್ದಲ ಇಷ್ಟು ದಿನ ಇರಲಿಲ್ಲವೇ? ನನ್ನ ಮಾತು ಜೇಬಿಗೆ ಬಿದ್ದ ಮೇಲೆಯೇ ಗದ್ದಲ ಶುರುವಾಯಿತೇ? ಹೀಗೆ ಯೋಚಿಸುತ್ತಾ ಒಂದು ತಿಥಿ ಕಾರ್ಡಿನಲ್ಲಿ ಸತ್ತವರ ಹೆಸರನ್ನೇ ತಪ್ಪು ಟೈಪ್ ಮಾಡಿ ಬೈಸಿಕೊಂಡೆ.

ಮಂಗಳವಾರ ಕುರುಗೋಡಿನ ಬಸ್ಸಿನಲ್ಲಿ ಪ್ರೂಫಿನ ಕಟ್ಟು ಬಂತು. ಇನ್ನೂರ ಹದಿನಾಲ್ಕನೇ ಪುಟಕ್ಕೆ ಒಂದು ಹೊಸ ಹಾಳೆ ಪಿನ್ ಮಾಡಿದ್ದರು. ಅದರಲ್ಲಿ ನನ್ನ ಮಾತು. ಪೂರಾ ನನ್ನದೇ. ನಾಲ್ಕು ಶಬ್ದದಲ್ಲಿ ಮುಗಿಸುವ ರಬ್ಬಿ, ಯಾರೂ ಕೇಳದ ಪ್ರಶ್ನೆ, ಪಕ್ಕದ ಬರಹ, ನಕಲು ಮಾಡಿದವನು. ಪುಸ್ತಕದ ಕನ್ನಡಕ್ಕೆ ತಿರುಗಿಸಿ, ಇಸ್ತ್ರಿ ಮಾಡಿ ಇಟ್ಟಿದ್ದರು. ಹಾಳೆಯ ಬಲಗಡೆ, ಅಂಚಿನಲ್ಲಿ, ಪೆನ್ಸಿಲಿನಲ್ಲಿ ಎರಡೇ ಶಬ್ದ: ಎರ್ರಿ ಮಾತು.

ಸಿರುಗುಪ್ಪದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಅರ್ಧ ಊರು ತೆಲುಗು ಆಡುತ್ತದೆ. ತೆಲುಗಿನಲ್ಲಿ ಎರ್ರಿ ಎಂದರೆ ಹುಚ್ಚ, ತಿಕ್ಕಲ. 'ಎರ್ರಿ ಮಾಟ' ಎಂದರೆ ಹುಚ್ಚನ ಮಾತು. ನನ್ನ ಹೆಸರು ಎರ್ರಿಸ್ವಾಮಿ. ನಮ್ಮ ಕಡೆಯ ಅವಧೂತ ಎರ್ರಿತಾತನಿಗೆ ಹರಕೆ ಹೊತ್ತು ಅವ್ವ ಇಟ್ಟದ್ದು. ಸಾಲಿಯಲ್ಲಿ ತೆಲುಗು ಹುಡುಗರು ಹಾಜರಿ ಕರೆದಾಗಲೆಲ್ಲ ನಕ್ಕು ನಕ್ಕು ಬೀಳುತ್ತಿದ್ದರು. ಅದಕ್ಕೇ ಬಳ್ಳಾರಿಗೆ ಬಂದವನು ಮೊದಲರ್ಧ ಕತ್ತರಿಸಿ ಹಾಕಿ ಸ್ವಾಮಿ ಆದೆ. ಮೇಷ್ಟ್ರಿಗೆ ಗೊತ್ತಿದ್ದದ್ದು ಸ್ವಾಮಿ ಅಷ್ಟೇ. ಅಂದರೆ ಅವರು ಬರೆದದ್ದು ನನ್ನ ಹೆಸರಲ್ಲ. ನನ್ನ ಮಾತಿನ ಬೆಲೆ.

ಕದ್ದದ್ದು ಸಾಲದು ಎಂದು ಹುಚ್ಚು ಮಾತು ಅಂತ ಷರಾ ಬೇರೆ! ಹುಚ್ಚು ಮಾತಾದರೆ ಹನ್ನೊಂದು ವರ್ಷದ ಪುಸ್ತಕದಲ್ಲಿ ಅದಕ್ಕೆ ಏನು ಕೆಲಸ? ಆ ಹಾಳೆಯನ್ನು ಟೈಪ್ ಮಾಡಿದೆ. ಒಮ್ಮೆ ಓದಿದೆ. ಆಮೇಲೆ ಇಡೀ ಪ್ಯಾರಾವನ್ನು ಅಳಿಸಿ, ಮೇಲಿನದನ್ನೂ ಕೆಳಗಿನದನ್ನೂ ಕೂಡಿಸಿ, ನಡುವೆ ಏನೋ ಇತ್ತು ಎಂಬುದೇ ತಿಳಿಯದ ಹಾಗೆ ಪುಟ ಮುಚ್ಚಿದೆ. ಆ ಕೆಲಸ ನನಗೆ ಚೆನ್ನಾಗಿ ಬರುತ್ತದೆ.

ಬುಧವಾರ ಬೆಳಿಗ್ಗೆ ಚಂದ್ರಣ್ಣ ಫೋನು ಕಿವಿಯಿಂದ ಇಳಿಸಿ ನಗುತ್ತ ಬಂದ. "ಲೇ ಸ್ವಾಮಿ, ಮೇಷ್ಟ್ರು ಫೋನ್ ಮಾಡಿದ್ರು. ಶುಕ್ರವಾರ ಪ್ರೆಸ್ಸಿಗೆ ಕೊಡೂದೈತಲ್ಲ, ಎರ್ರಿ ಮಾತು ಸರಿಯಾಗಿ ಕುಂತೈತೇನು ಕೇಳು ಅಂದ್ರು. ಏನ ಹುಚ್ಚುಚ್ಚಾಗಿ ಟೈಪ್ ಮಾಡೀಯಲೇ?"

ನಾನು ತಿದ್ದಿದ ಪುಟಗಳ ಹೊಸ ಪ್ರಿಂಟು, ಮೇಷ್ಟ್ರ ಹಳೆ ಕಟ್ಟು ಎರಡನ್ನೂ ಚೀಲಕ್ಕೆ ತುಂಬಿಕೊಂಡು ಹೊರಟೆ. "ಎಲ್ಲಿಗಲೇ?" ಎಂದು ಚಂದ್ರಣ್ಣ ಕೂಗಿದ. ಕುರುಗೋಡಿನ ಬಸ್ಸು ಹತ್ತುವವರೆಗೆ ನನಗೂ ಸರಿಯಾಗಿ ಗೊತ್ತಿರಲಿಲ್ಲ. ದಾರಿಯುದ್ದಕ್ಕೂ ಅವರಿಗೆ ಏನು ಹೇಳಬೇಕು ಎಂದು ಜೋಡಿಸುತ್ತ ಹೋದೆ. ಪಕ್ಕ ಕೂತಿದ್ದ ಮುದುಕ ನಾನು ಒಬ್ಬನೇ ಮಾತಾಡುವುದನ್ನು ಕಂಡು ಹಿಂದಿನ ಸೀಟಿಗೆ ಹೋದ.

ಕುರುಗೋಡಿನಲ್ಲಿ ಗುಡ್ಡದ ಬಂಡೆಗಳ ಕೆಳಗಿನ ಓಣಿಯಲ್ಲಿ ಮೇಷ್ಟ್ರ ಮನೆ. ಅವರು ಪಡಸಾಲೆಯ ಚಾಪೆಯ ಮೇಲೆ ಕೂತು ಪೆನ್ಸಿಲ್ ಚೂಪು ಮಾಡುತ್ತಿದ್ದರು. ಅವರ ಹೆಂಡತಿ ಶಿವಬಸಮ್ಮ, "ಬಾರಪ್ಪ, ಕುಂಡ್ರು, ಒಗ್ಗರಣಿ ಮಾಡಾಕತ್ತೀನಿ," ಎಂದರು.

"ಕುಂಡ್ರಾಕ ಬಂದಿಲ್ರಿ," ಎಂದು ಹೇಳಿ ಆ ಹಾಳೆಯನ್ನು ಮೇಷ್ಟ್ರ ಮುಂದೆ ಒಗೆದೆ. "ಇದು ಯಾರ ಮಾತ್ರಿ?"

"ನಿಂದು."

ಬಸ್ಸಿನಲ್ಲಿ ಜೋಡಿಸಿದ್ದರಲ್ಲಿ ಈ ಉತ್ತರ ಇರಲಿಲ್ಲ. "ಮತ್ತ ಹುಚ್ಚು ಮಾತು ಅಂತ ಯಾಕ ಬರದೀರಿ?"

"ಎಲ್ಲಿ ಬರದೀನಿ?"

"ಇಲ್ಲಿ. ಎರ್ರಿ ಮಾತು."

ಮೇಷ್ಟ್ರು ಹಾಳೆಯನ್ನು ಕಣ್ಣಿನ ಹತ್ತಿರ ಹಿಡಿದರು, ದೂರ ಹಿಡಿದರು. ಆಮೇಲೆ ನನ್ನನ್ನು ನೋಡಿದರು. "ನಿನ್ನ ಹೆಸರು ಎರ್ರಿ ಅಲ್ಲೇನು?"

"ಯಾರು ಹೇಳಿದ್ರು?"

"ನಿಮ್ಮವ್ವ. ನಿನ್ನ ಫೋನು ಸ್ಪೀಕರ್ ಹಾಕದಿದ್ರ ಕೇಳಂಗಿಲ್ಲ. ದಿನಾ ಮಧ್ಯಾಹ್ನ 'ಎರ್ರೀ, ಉಂಡ್ಯಾ ಎರ್ರೀ' ಅಂತ ಸಿರುಗುಪ್ಪದಿಂದ ಒದರಿದ್ದು ಇಡೀ ಕೌಲ್ ಬಜಾರಿಗೆ ಕೇಳ್ತೈತಿ. ಸ್ವಾಮಿ ಅನ್ನೋದು ಅಂಗಡಿ ಹೆಸರು. ಅವ್ವ ಕರಿಯೋದು ಹೆಸರು ಅಂತ ಅದನ್ನ ಬರದೆ." ಅವರು ನನ್ನ ಚೀಲದಿಂದ ಕಟ್ಟನ್ನು ಎಳೆದುಕೊಂಡು ಪುಟ ಮಗುಚತೊಡಗಿದರು. "ಇಲ್ಲಿ ನೋಡು, ಬಲಗಡೆ ಕಾಲಮ್ಮಿನಾಗ. ಇಂಥಾವನ ಮಾತು, ಇಂಥಾವನ ಮಾತು. ಎಲ್ಲಾ ನೀನ ಟೈಪ್ ಮಾಡಿದ್ದು. ಇದೂ ಬಲಗಡಿಗೇ ಐತಿ."

ಇತ್ತು. ಮುನ್ನೂರು ಸಲ ನನ್ನ ಬೆರಳೇ ಒತ್ತಿದ ಸಾಲು ಅದು. ಆದರೆ ಈ ಎರಡು ಶಬ್ದ ಕಂಡಾಗ ನನ್ನ ಕಿವಿಯಲ್ಲಿ ಓದಿದ್ದು ಸಿರುಗುಪ್ಪದ ಹುಡುಗರು.

ಸಮಾಧಾನ ಆಗಬೇಕಿತ್ತು. ಆಗಲಿಲ್ಲ. ಈ ವಿವರಣೆ ಬಹಳ ಚೆನ್ನಾಗಿ ಕೂತಿತು, ಅದಕ್ಕೇ ಸಿಟ್ಟು ಬಂತು.

"ಈಗ ಹೇಳ್ತೀರಿ," ಎಂದೆ. "ಸಿಕ್ಕಿಬಿದ್ದ ಮ್ಯಾಲ ಯಾರಾದ್ರೂ ಹೇಳ್ತಾರ. ಪ್ಯಾರಾದಾಗ ಹೆಸರು ಇಲ್ಲ. ಪೆನ್ಸಿಲಿನಾಗ ಬರದ್ರ ಯಾವಾಗ ಬೇಕಾದ್ರೂ ಅಳಿಸಬಹುದು. ನಿಮ್ಮ ಮನಸಿನಾಗ ಏನಿತ್ತು ಅಂತ ನನಗೆಂಗ ಗೊತ್ತಾಗಬೇಕು?"

"ಗೊತ್ತಾಗಂಗಿಲ್ಲ," ಎಂದರು ಮೇಷ್ಟ್ರು. "ನನಗೂ ತೋರಸಾಕ ಬರಂಗಿಲ್ಲ. ಪುಸ್ತಕ ಅಚ್ಚಾಗಿ ಬಂದ ಮ್ಯಾಲ ನೋಡು. ಅಷ್ಟ."

"ಅಚ್ಚಾಗಿ ಬರಂಗಿಲ್ರಿ. ಅದನ್ನ ಅಳಿಸಿಬಿಟ್ಟೀನಿ."

ಪೆನ್ಸಿಲಿಗೆಂದು ಮತ್ತೆ ಎತ್ತಿಕೊಂಡಿದ್ದ ಬ್ಲೇಡು ಅವರ ಕೈಯಲ್ಲೇ ನಿಂತಿತು. ಮೇಷ್ಟ್ರಿಗೆ ಸಿಟ್ಟು ಬಂದದ್ದನ್ನು ನಾನು ಅದೇ ಮೊದಲು ನೋಡಿದ್ದು. ಧ್ವನಿ ಎತ್ತಲಿಲ್ಲ. ಮುಖ ಮಾತ್ರ ಕೆಂಪಗಾಯಿತು.

"ಅಳಿಸಿದ್ಯಾ? ಸಾವಿರದೈನೂರು ವರ್ಷ ಸೋತವರ ಮಾತನ್ನೂ ಕಾಯ್ದುಕೊಂಡು ಬಂದವರ ಮ್ಯಾಲ ಪುಸ್ತಕ ಇದು. ಅದರಾಗ ನೀನು ಯಾರಿಗೂ ಹೇಳದೇ ಒಂದು ಪ್ಯಾರಾ ತಗದಿ? ಕಳ್ಳ ನಾನು ಅಂತ ಇಲ್ಲಿ ತನಕ ಬಂದಿಯಲ್ಲಲೇ, ಆ ಮಾತನ್ನ ಪುಸ್ತಕದಿಂದ ಹೊತ್ಕೊಂಡು ಹೋದಾವ ಯಾರು?"

ನಾನು ಹೊಸ ಪ್ರಿಂಟು ತೆಗೆದು ಚಾಪೆಯ ಮೇಲಿಟ್ಟೆ.

"ಇನ್ನ ಏನೇನು ಅಳಿಸೀದಿ?"

"ಏನೂ ಇಲ್ರಿ."

"ನನಗೆಂಗ ಗೊತ್ತಾಗಬೇಕು?"

ನನ್ನದೇ ಮಾತು ನನ್ನ ಮುಂದೆ ಬಂದು ಕೂತಿತು. ಬೇರೆ ಏನನ್ನೂ ನಾನು ಮುಟ್ಟಿರಲಿಲ್ಲ. ತಾಯಾಣೆ ಮುಟ್ಟಿರಲಿಲ್ಲ. ಆದರೆ ಅದನ್ನು ತೋರಿಸಲು ನನ್ನ ಹತ್ತಿರ ಏನಿತ್ತು? ಮುಚ್ಚಿದ ಪುಟದಲ್ಲಿ ಗಾಯದ ಗುರುತು ಇರದ ಹಾಗೆ ಕೆಲಸ ಮಾಡುವವನು ನಾನೇ.

ಅಡುಗೆಮನೆಯಿಂದ ಶಿವಬಸಮ್ಮ ಎರಡು ತಟ್ಟೆ ಮಂಡಕ್ಕಿ ಒಗ್ಗರಣೆ, ಮೇಲೆ ಮಿರ್ಚಿ ಇಟ್ಟುಕೊಂಡು ಬಂದರು. "ಆತ ನಿಮ್ಮನ್ನ ನಂಬಂಗಿಲ್ಲ, ನೀವು ಆತನ್ನ ನಂಬಂಗಿಲ್ಲ. ತಿಂದು, ಇಬ್ರೂ ಕೂಡಿ ಓದ್ರಿ. ತೆಲುಗಿನಾಗ ಎರ್ರಿ ಅಂದ್ರ ಯಾರು ಅಂತ ಆಮ್ಯಾಲ ನಾ ಹೇಳ್ತೀನಿ," ಎಂದರು.

ತಿಂದು ಓದಿದೆವು. ತಿದ್ದುಪಡಿ ಇದ್ದದ್ದು ಅರವತ್ತು ಪುಟ. ನಾನು ಅವರ ಕೈಬರಹ ಗಟ್ಟಿಯಾಗಿ ಓದುವುದು, ಅವರು ನನ್ನ ಪ್ರಿಂಟಿನ ಮೇಲೆ ಬೆರಳು ಸರಿಸುತ್ತ ಬರುವುದು. ಪ್ರತಿ ಪುಟದ ಕೊನೆಗೆ ಅವರು "ಐತಿ" ಎನ್ನುತ್ತಿದ್ದರು. ಹಾಗನ್ನುವ ತನಕ ನಾನು ಮುಂದಿನ ಪುಟ ತಿರುವುತ್ತಿರಲಿಲ್ಲ. ನನ್ನ ಪಾಡಿಗೆ ಟೈಪ್ ಮಾಡಿದ ಪುಟಗಳಿಗೆ ನಾನೇ ಹೆದರುತ್ತ ಕೂತಿದ್ದೆ. ಎರಡು ಕಡೆ ಕೊಂಬು ಬಿಟ್ಟುಹೋಗಿತ್ತು, ಒಂದು ಕಡೆ ಒತ್ತು. ಅಷ್ಟೇ.

ಇನ್ನೂರ ಹದಿನಾಲ್ಕು ಬಂದಾಗ ಮೂರು ಗಂಟೆಯಾಗಿತ್ತು. ಪಿನ್ ಮಾಡಿದ ಹಾಳೆಯನ್ನು ಓದಿದೆ. ಮೊದಲ ಸಾಲಿಗೇ ನಿಂತೆ.

"ಈ ಸಾಲು ಬಹುಶಃ ನಂತರದ ಓದುಗನೊಬ್ಬನ ಟಿಪ್ಪಣಿ," ಎಂದಿತ್ತು.

ಅಂಚಿನ ಎರಡು ಶಬ್ದದ ಸಿಟ್ಟಿನಲ್ಲಿ ಇದು ನನ್ನ ಕಣ್ಣಿಗೆ ಬಿದ್ದಿರಲೇ ಇಲ್ಲ. "ಸಾರ್, ಬಹುಶಃ ಅಂತ ಯಾರು ಅಂದ್ರು? ನಾ ಅಂದಿಲ್ಲ."

"ನಾ ಸೇರಿಸಿದೆ. ಹಳೇ ಕೈಬರಹ ಯಾವುದೂ ನಾನು ನೋಡಿಲ್ಲ, ನೀನೂ ನೋಡಿಲ್ಲ. ನೋಡದೇ ಖಾತ್ರಿ ಹೇಳಾಕ ಆಗಂಗಿಲ್ಲ."

"ನೋಡೋದೇನು ಬೇಕ್ರಿ? ಸಾಲಿನ ನಡಿಗೀನೇ ಹೇಳ್ತೈತಿ. ನಂಗ ಖಾತ್ರಿ ಐತಿ."

"ನನ್ನ ಪೆನ್ಸಿಲಿನ ಎರಡು ಶಬ್ದ ನೋಡಿ ನಿನಗ ಹಿಂಗ ಖಾತ್ರಿ ಆಗಿತ್ತಲ್ಲಪ್ಪ," ಎಂದರು ಮೇಷ್ಟ್ರು ಮೆಲ್ಲಗೆ.

ಆ ಏಟು ಸರಿಯಾಗಿಯೇ ಬಿತ್ತು. ಆದರೆ ಏಟು ಬಿದ್ದ ಮಾತ್ರಕ್ಕೆ ನನ್ನ ಮಾತನ್ನು ಬಿಟ್ಟುಕೊಡಬೇಕೆಂದು ಎಲ್ಲಿ ಬರೆದಿದೆ? ಆ ರಬ್ಬಿಗಳಂತೂ ಬಿಟ್ಟುಕೊಟ್ಟವರಲ್ಲ. ಟೈಪ್ ಮಾಡಿದವನಿಗೆ ಗೊತ್ತು.

"ಬಹುಶಃ ನಿಮ್ಮದು ಸಾರ್," ಎಂದೆ. "ನಿಮ್ಮ ಹೆಸರಿಲೆ ಹಾಕ್ಕೊಳ್ರಿ. ನನ್ನ ಹೆಸರಿನ ಮಾತಿನಾಗ ಅದು ಬ್ಯಾಡ. ನನ್ನ ಬಾಯಾಗ ನೀವು ಒಂದು ಶಬ್ದ ತುರುಕಿದ್ರ, ಆ ನಕಲು ಮಾಡಿದಾವ ಮಾಡಿದ್ದೂ ಅದ ಅಲ್ರೀ?"

ಮೇಷ್ಟ್ರು ಕನ್ನಡಕ ತೆಗೆದು ಚಾಪೆಯ ಮೇಲಿಟ್ಟರು. ಆಮೇಲೆ ಅವರ ಹೊಟ್ಟೆ ಅಲುಗಾಡಿತು. ನಗುತ್ತಿದ್ದರು. "ಕೇಳಿಸ್ತೇನು ಇವಳೇ?" ಎಂದು ಒಳಗೆ ಕೂಗಿದರು. "ಹನ್ನೊಂದು ವರ್ಷ ಓದಿ ಬರದ ಪುಸ್ತಕದಾಗ ಅದ ತಪ್ಪು ನಾ ಮಾಡೀನಿ ಅಂತ." ನನಗೆ ನಗು ಬರಲಿಲ್ಲ. ನಕ್ಕು ತೇಲಿಸುವವರನ್ನೂ ನಾನು ನೋಡಿದ್ದೇನೆ. "ಬರದು ಕೊಡ್ರಿ," ಎಂದೆ. ಅವರು ಅದೇ ಪೆನ್ಸಿಲ್ ಎತ್ತಿದರು. "ಪೆನ್ನಿನಾಗ," ಎಂದೆ. ಪೆನ್ನು ಹುಡುಕಿ, ಬಹುಶಃ ಎಂಬ ಶಬ್ದ ಹೊಡೆದು ಹಾಕಿ, ಎಡಗಡೆ ಅದನ್ನೇ ಬರೆದು, ಕೆಳಗೆ ತಮ್ಮ ಹೆಸರು ಹಾಕಿ ಕೊಟ್ಟರು.

ಗುರುವಾರ ಅಂಗಡಿಯಲ್ಲಿ ಆ ಪುಟ ಮತ್ತೆ ಬಿಚ್ಚಿದೆ. ನಡುವೆ ಪ್ಯಾರಾ ವಾಪಸು ಬಂತು. ಬಲಗಡೆಯ ಕಾಲಮ್ಮಿಗೆ ಬಂದಾಗ ಬೆರಳು ನಿಂತಿತು. 'ಎರ್ರಿ ಮಾತು' ಎಂದು ಹಾಕಿದರೆ ಆಂಧ್ರದ ಗಡಿಯವರೆಗೂ ಓದುವವರು ಏನೆಂದು ಓದುತ್ತಾರೆ ಎಂದು ನನಗೆ ಗೊತ್ತು. 'ಸ್ವಾಮಿ ಮಾತು' ಎಂದರೆ ಯಾವುದೋ ಮಠದ ಅಪ್ಪಣೆಯ ಹಾಗೆ ಕಾಣುತ್ತದೆ. ಯಾರಿಗೂ ಬೇರೆ ಅರ್ಥ ಮಾಡಲು ಜಾಗ ಕೊಡಬಾರದು. 'ಸಿರುಗುಪ್ಪದ ಎರ್ರಿಸ್ವಾಮಿ ಮಾತು' ಎಂದು ಟೈಪ್ ಮಾಡಿದೆ. ಕಾಲಮ್ಮಿನಲ್ಲಿ ಹಿಡಿಯಲಿಲ್ಲ. ಕಾಲಮ್ಮನ್ನೇ ಅಗಲ ಮಾಡಿದೆ. ಎಡಗಡೆ 'ಮರಿಬಸಪ್ಪ ಮಾತು: ಬಹುಶಃ' ಎಂದು ಹಾಕಿದೆ.

ಚಂದ್ರಣ್ಣ ಹಿಂದಿನಿಂದ ಬಗ್ಗಿ ನೋಡಿದ. "ಒಂದು ಶಬ್ದಕ್ಕ ಒಂದು ಕಾಲಮ್ಮೇನಲೇ? ಉಳಿದದ್ದೆಲ್ಲ ಬರೇ ಬಿಳೇ ಹಾಳಿ?"

"ಇರಲಿ ಬಿಡಣ್ಣ. ಅದ ಅವರ ವಾದ."

ಪ್ರಿಂಟು ತೆಗೆದು ಹನ್ನೆರಡರ ಕುರುಗೋಡು ಬಸ್ಸಿಗೆ ಕೊಟ್ಟು ಕಳಿಸಿದೆ. ಕಳಿಸುವ ಮೊದಲು ಅವತ್ತಿನ ಪೇಪರಿನ ತಾರೀಖು ಕಾಣುವ ಹಾಗೆ ಪಕ್ಕದಲ್ಲಿಟ್ಟು ಪುಟದ ಫೋಟೋ ತೆಗೆದುಕೊಂಡೆ.

ಸಂಜೆ ಐದಕ್ಕೆ ಮೇಷ್ಟ್ರ ಫೋನು ಬಂತು. ಸ್ಪೀಕರ್ ಹಾಕಿದೆ.

"ಪುಟ ಬಂತಪ್ಪ. ಸರಿ ಐತಿ. ಪ್ರೆಸ್ಸಿಗೆ ಕೊಡ್ರಿ," ಎಂದರು. ಆಮೇಲೆ ಸೇರಿಸಿದರು, "ಬಸ್ ಸ್ಟ್ಯಾಂಡಿನಾಗ ಒಂದು ಜೆರಾಕ್ಸ್ ಮಾಡಿಸಿ ಇಟ್ಕೊಂಡೀನಿ. ನೀ ಮತ್ತೇನರ ಕೈ ಹಾಕಿದ್ರ ಇರಲಿ ಅಂತ."

"ಒಳ್ಳೇದಾತ್ರಿ ಸಾರ್," ಎಂದೆ. "ನನ್ನ ಹತ್ರಾನೂ ಫೋಟೋ ಐತಿ."